ಪ್ರಾಯೋಜಿಸಿದ ಹುಡುಗಿ ನಡುವೆಯೇ ಹೊರಟುಹೋದಳು, ಮುಂದಿನ ಹಣ ಎಲ್ಲಿಗೆ ಕೊಡಲಿ?

ಪ್ರಶ್ನೆ: ಆರು ವರ್ಷದಿಂದ ದೂರದ ದೇಶವೊಂದರ ಹಳ್ಳಿ ಹುಡುಗಿಯ ಓದಿಗೆಂದು ಒಂದು ಸಂಸ್ಥೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೆ. ವರ್ಷಕ್ಕೊಂದು ಫೋಟೊ, ಅವಳು ಬರೆದ ಚಿತ್ರ, ನಾಲ್ಕು ಸಾಲಿನ ಪತ್ರ ಬರುತ್ತಿತ್ತು. ಕಳೆದ ವರ್ಷ ಒಂದು ಇಮೇಲ್ ಬಂತು: ‘ನಿಮ್ಮ ಮಗು ಕಾರ್ಯಕ್ರಮದಿಂದ ಹೊರಹೋಗಿದೆ, ನಿಮ್ಮ ನೆರವನ್ನು ಇನ್ನೊಂದು ಮಗುವಿಗೆ ವರ್ಗಾಯಿಸಿದ್ದೇವೆ.’ ಜೊತೆಗೆ ಒಬ್ಬ ಹುಡುಗನ ಫೋಟೊ. ಅವಳು ಯಾಕೆ ಹೋದಳು, ಎಲ್ಲಿಗೆ ಹೋದಳು ಎಂದು ಕೇಳಿದರೆ ಗೋಪ್ಯತೆಯ ನಿಯಮ ಎನ್ನುತ್ತಾರೆ. ಮದುವೆ ಮಾಡಿಬಿಟ್ಟರೋ ಏನೋ ಎಂದು ನಿದ್ದೆ ಕೆಡುತ್ತದೆ. ಈಗ ನಿವೃತ್ತಿಯ ಇಡುಗಂಟು ಬಂದಿದೆ. ಅದರಲ್ಲಿ ಒಂದು ಪಾಲನ್ನು ಬಡ ಹಳ್ಳಿಗಳ ಮಕ್ಕಳ ಓದಿಗೇ ಎಂದು ತೆಗೆದಿಟ್ಟಿದ್ದೇನೆ. ತಮ್ಮ ‘ಶಾಲೆಗೊಂದು ಕೊಠಡಿ ಕಟ್ಟಿಸು, ಕಣ್ಣಿಗಾದರೂ ಕಾಣುತ್ತೆ’ ಅನ್ನುತ್ತಾನೆ. ಮಗ ಟ್ಯಾಬ್ಲೆಟ್ ಕೊಡಿಸು ಅನ್ನುತ್ತಾನೆ. ಗೆಳತಿ ‘ಎಲ್ಲ ಸಂಸ್ಥೆಗಳೂ ಕಳ್ಳರೇ, ಆಡಳಿತ ಖರ್ಚಿಗೆ ಬಿಡಿಗಾಸೂ ಮುಟ್ಟದವರಿಗೆ ಮಾತ್ರ ಕೊಡು’ ಅನ್ನುತ್ತಾಳೆ. ನಾನು ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಆರು ವರ್ಷ ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೇ ಎಂಬುದು ಒಂದು. ಇನ್ನು ಮುಂದೆ ಕೊಡುವುದಾದರೂ ಎಲ್ಲಿಗೆ ಎಂಬುದು ಇನ್ನೊಂದು. ಇಂಥ ಕಾರ್ಯಕ್ರಮಗಳಿಂದ ಮಕ್ಕಳಿಗೆ ಏನು ದಕ್ಕಿತು ಎಂದು ಅಳೆದು ನೋಡುವುದೇ ನನ್ನ ಕಸುಬು, ಹಾಗಾಗಿ ಎರಡಕ್ಕೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಆ ಇಮೇಲ್ ಒಂದನ್ನೇ ನೋಡಿ ನಿಮಗೆ ಮೋಸವಾಗಿದೆ ಎನ್ನಲು ಬರುವುದಿಲ್ಲ. ಆಗಿಲ್ಲ ಎನ್ನಲೂ ಬರುವುದಿಲ್ಲ. ಆದರೆ ಯಾವುದೆಂದು ಪತ್ತೆ ಹಚ್ಚುವ ದಾರಿ ಇದೆ.

ಮೊದಲು ಪ್ರಾಯೋಜಕತ್ವ ಹೇಗೆ ನಡೆಯುತ್ತದೆ ನೋಡಿ. ಮಗುವಿನ ಫೋಟೊ ಕಳಿಸುವ ಬಹುಪಾಲು ದೊಡ್ಡ ಸಂಸ್ಥೆಗಳಲ್ಲಿ ದಾನಿಯ ಹಣ ಆ ಒಂದು ಮಗುವಿಗೇ ಹೋಗುವುದಿಲ್ಲ. ಆ ಹಳ್ಳಿಗೋ ಆ ಭಾಗಕ್ಕೋ ಇರುವ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಅಲ್ಲಿಂದ ಶಾಲಾ ಶುಲ್ಕ, ಸಮವಸ್ತ್ರ, ಆರೋಗ್ಯ ತಪಾಸಣೆ, ಸಂಜೆಯ ಪಾಠ, ಕೆಲವೆಡೆ ಕುಡಿಯುವ ನೀರು, ಹೀಗೆ ಹಂಚಿಹೋಗುತ್ತದೆ. ಇದು ಮುಚ್ಚಿಟ್ಟ ವಿಷಯವೇನಲ್ಲ, ಒಪ್ಪಿಗೆಯ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ನಾವು ಓದಿರುವುದಿಲ್ಲ. ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ನಾಲ್ಕು ಮಕ್ಕಳಿರುವ ಮನೆಯಲ್ಲಿ ಒಂದಕ್ಕೆ ಮಾತ್ರ ಹೊಸ ಬೂಟು, ಹೊಸ ಚೀಲ ಬಂದರೆ ಉಳಿದ ಮೂರರ ಮುಖ ಏನಾಗುತ್ತದೆ ಎಂದು ಯೋಚಿಸಿ. ಇಡೀ ತರಗತಿಯಲ್ಲಿ ಒಬ್ಬಳಿಗೆ ಮಾತ್ರ ಪಾರ್ಸೆಲ್ ಬಂದರೆ ಅವಳಿಗೂ ಅದು ನೆಮ್ಮದಿಯಲ್ಲ.

ಫೋಟೊ ಮತ್ತು ಪತ್ರ ಇರುವುದು ಮಗುವಿಗಾಗಿ ಅಲ್ಲ, ದಾನಿಗಾಗಿ. ಹಳ್ಳಿಯೊಂದರಲ್ಲಿ ಈ ‘ಪತ್ರದ ದಿನ’ ಹೇಗಿರುತ್ತದೆ ಗೊತ್ತೇ? ಸಂಸ್ಥೆಯ ಕಾರ್ಯಕರ್ತೆ ಕಾರ್ಡುಗಳ ಕಟ್ಟು ಹಿಡಿದು ಬರುತ್ತಾಳೆ. ಕರಿಹಲಗೆಯ ಮೇಲೆ ನಾಲ್ಕು ಸಾಲು ಬರೆಯುತ್ತಾಳೆ: ನಾನು ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ, ನನಗೆ ಓದುವುದು ಇಷ್ಟ, ಧನ್ಯವಾದ. ಮಕ್ಕಳು ಅದನ್ನು ನಕಲು ಮಾಡುತ್ತಾರೆ, ಕೆಳಗೊಂದು ಮನೆ, ಮರ, ಸೂರ್ಯ ಬರೆದು ಬಣ್ಣ ತುಂಬುತ್ತಾರೆ. ಬರೆಯಲು ಬಾರದ ಮಗುವಿನ ಕಾರ್ಡನ್ನು ಪಕ್ಕದವಳು ಬರೆದುಕೊಡುತ್ತಾಳೆ. ಇದರಲ್ಲಿ ವಂಚನೆ ಇಲ್ಲ, ಆದರೆ ಹುಡುಗಿಗೆ ಓದು ಬರುತ್ತದೆ ಎಂಬುದಕ್ಕೆ ಆ ಕಾರ್ಡು ಸಾಕ್ಷಿಯೂ ಅಲ್ಲ. ಆರು ವರ್ಷ ಆರು ಕಾರ್ಡು ಬಂದರೂ ಅವಳ ಕಲಿಕೆಯ ಬಗ್ಗೆ ನಿಮಗೆ ತಿಳಿದದ್ದು ಹೆಚ್ಚುಕಡಿಮೆ ಸೊನ್ನೆ.

ಹಾಗಾದರೆ ಪ್ರಾಯೋಜಕತ್ವವೇ ಬೋಗಸ್ಸೇ? ಇಲ್ಲಿ ಎರಡು ಕಡೆಯೂ ಪುರಾವೆ ಇದೆ. 1998ರಲ್ಲಿ ಅಮೆರಿಕದ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ವರದಿಗಾರರು ಕೆಲವು ಹೆಸರುವಾಸಿ ಸಂಸ್ಥೆಗಳ ಮೂಲಕ ತಾವೇ ಮಕ್ಕಳನ್ನು ಪ್ರಾಯೋಜಿಸಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಕೆಲವರಿಗೆ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ. ಮಗು ಸತ್ತು ಎಷ್ಟೋ ಕಾಲವಾದ ಮೇಲೂ ಹಣ ಪಡೆಯುತ್ತಿದ್ದ ಪ್ರಕರಣವೂ ಹೊರಬಂತು. ಆ ವರದಿಯ ನಂತರ ಸಂಸ್ಥೆಗಳು ತಮ್ಮ ಲೆಕ್ಕವನ್ನು ಬಿಗಿ ಮಾಡಿಕೊಳ್ಳಬೇಕಾಯಿತು. ಇನ್ನೊಂದು ಕಡೆ, ಬ್ರೂಸ್ ವೈಡಿಕ್ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ಬೆಳೆದವರನ್ನು ಆರು ದೇಶಗಳಲ್ಲಿ ಹುಡುಕಿ ಅಧ್ಯಯನ ಮಾಡಿದರು. ಅದು 2013ರಲ್ಲಿ ಪ್ರಕಟವಾಯಿತು. ನೆರವು ಪಡೆದವರು ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು, ಪ್ರೌಢಶಾಲೆ ಮುಗಿಸಿದವರು ಅವರಲ್ಲಿ ನೂರಕ್ಕೆ 12ರಿಂದ 18 ಮಂದಿಯಷ್ಟು ಹೆಚ್ಚಿದ್ದರು. ಇದು ಸಣ್ಣ ಫಲವಲ್ಲ. ಆದರೆ ಆ ಸಂಸ್ಥೆ ಮಕ್ಕಳನ್ನು ವಾರವಾರವೂ ಗಂಟೆಗಟ್ಟಲೆ ಸೇರಿಸಿ, ಪಾಠ ಹೇಳಿ, ಆರೋಗ್ಯ ನೋಡಿ, ವರ್ಷಗಟ್ಟಲೆ ಬೆನ್ನಿಗೆ ನಿಲ್ಲುವಂಥದ್ದು. ಅದೇ ಫಲ ಫೋಟೊ ಕಳಿಸುವ ಎಲ್ಲರಿಗೂ ಸಲ್ಲುವುದಿಲ್ಲ.

ಇನ್ನು ನಿಮ್ಮ ಹುಡುಗಿ. ಇಂಥ ಕಾರ್ಯಕ್ರಮಗಳಿಂದ ಮಕ್ಕಳು ಹೊರಹೋಗಲು ನಾನು ಕಂಡ ಕಾರಣಗಳಲ್ಲಿ ಕೆಟ್ಟವೂ ಇವೆ, ಒಳ್ಳೆಯವೂ ಇವೆ. ಕೆಲಸ ಹುಡುಕಿಕೊಂಡು ಇಡೀ ಕುಟುಂಬ ಊರು ಬಿಟ್ಟಿರಬಹುದು. ಸಂಸ್ಥೆ ಆ ಭಾಗದ ಕೆಲಸವನ್ನೇ ಮುಗಿಸಿ ಹೊರಟಿರಬಹುದು. ವಯಸ್ಸಿನ ಮಿತಿ ದಾಟಿರಬಹುದು. ಪ್ರೌಢಶಾಲೆ ದೂರವೆಂದು ಅಜ್ಜಿ ಮನೆಗೆ ಹೋಗಿ ಅಲ್ಲಿ ಓದುತ್ತಿರಬಹುದು. ಮನೆಗೆಲಸಕ್ಕೋ ಮದುವೆಗೋ ಹೋಗಿರಲೂಬಹುದು. ವಿಳಾಸ, ಮನೆಯ ಸಂಗತಿ ಹೇಳುವುದಿಲ್ಲ ಎಂಬ ನಿಯಮವನ್ನು ಬೈಯಬೇಡಿ. ಪ್ರಾಯೋಜಕರ ವೇಷದಲ್ಲಿ ಮಕ್ಕಳನ್ನು ಹುಡುಕಿ ಹೋಗುವ ಕೆಡುಕರಿಂದ ಕಾಪಾಡಲೆಂದೇ ಅದು ಇದೆ. ಆದರೆ ಗೋಪ್ಯತೆಯ ಹೆಸರಲ್ಲಿ ಸಂಸ್ಥೆ ತನ್ನ ಕೆಲಸದ ಲೆಕ್ಕವನ್ನೂ ಮುಚ್ಚಿಡುವ ಹಾಗಿಲ್ಲ. ಹೀಗೆ ಕೇಳಿ: ‘ಆ ಪ್ರದೇಶದಲ್ಲಿ ಕಳೆದ ವರ್ಷ ಒಟ್ಟು ಎಷ್ಟು ಮಕ್ಕಳು ಹೊರಹೋದರು, ಯಾವ ಯಾವ ತರಗತಿಯಲ್ಲಿದ್ದಾಗ, ಯಾವ ಯಾವ ಕಾರಣಕ್ಕೆ? ಅವರಲ್ಲಿ ಎಷ್ಟು ಮಂದಿ ಬೇರೆಡೆ ಶಾಲೆಗೆ ಹೋಗುತ್ತಿದ್ದಾರೆ?’ ಇದರಲ್ಲಿ ಯಾರ ಹೆಸರೂ ಇಲ್ಲ. ನೆಟ್ಟಗಿರುವ ಸಂಸ್ಥೆಯ ಬಳಿ ಈ ಪಟ್ಟಿ ಸಿದ್ಧವಿರುತ್ತದೆ, ತನ್ನ ಕೆಲಸ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಅದಕ್ಕೇ ಬೇಕಾದ ಪಟ್ಟಿ ಅದು. ಇಲ್ಲ ಎಂದರೆ, ಹೊರಹೋದ ಮಕ್ಕಳನ್ನು ಅವರು ಹಿಂಬಾಲಿಸುತ್ತಲೇ ಇಲ್ಲ ಎಂದರ್ಥ. ಅಂಥಲ್ಲಿಗೆ ಹೊಸ ಹುಡುಗನ ಹೆಸರಲ್ಲಿ ಮತ್ತೆ ಕಟ್ಟಬೇಡಿ.

ಈಗ ಇಡುಗಂಟಿನ ವಿಷಯಕ್ಕೆ ಬರೋಣ. ತಮ್ಮ, ಮಗ, ಗೆಳತಿ ಮೂವರೂ ಉತ್ತರ ಹೇಳುತ್ತಿದ್ದಾರೆ, ಆದರೆ ಆ ಹಳ್ಳಿಯ ಮಕ್ಕಳಿಗೆ ಅಡ್ಡಿಯಾಗಿರುವುದು ಏನು ಎಂದು ಮೂವರಲ್ಲಿ ಯಾರೂ ಕೇಳಿಲ್ಲ. ಅಡ್ಡಿ ಒಂದೊಂದು ಕಡೆ ಒಂದೊಂದು ಬಗೆ. ಹೊರಗಿನಿಂದ ನೋಡಿದವರು ಅದನ್ನು ಊಹಿಸಿದಾಗ ತಪ್ಪುವುದೇ ಹೆಚ್ಚು. ಬ್ರಿಟನ್ನಿನ ಆನ್ ಕಾಟನ್ 1991ರಲ್ಲಿ ಜಿಂಬಾಬ್ವೆಯ ಮೋಲಾ ಎಂಬ ಹಳ್ಳಿಗೆ ಹೋದದ್ದು, ಹುಡುಗಿಯರು ಯಾಕೆ ಶಾಲೆಗೆ ಬರುವುದಿಲ್ಲ ಎಂದು ತಿಳಿಯಲು. ಹೆಣ್ಣುಮಕ್ಕಳನ್ನು ಓದಿಸಲು ಸಂಪ್ರದಾಯ ಬಿಡುವುದಿಲ್ಲ ಎಂಬುದೇ ಆಗ ಎಲ್ಲರ ಬಾಯಲ್ಲಿದ್ದ ಮಾತು. ಅಲ್ಲಿ ತಾಯಂದಿರನ್ನು ಕೇಳಿದರೆ ಬಂದ ಉತ್ತರ ಬೇರೆ: ದುಡ್ಡಿಲ್ಲ. ಒಬ್ಬರನ್ನೇ ಓದಿಸಲು ಸಾಧ್ಯ, ಓದಿದ ಗಂಡು ಮಗನಿಗಾದರೆ ಕೆಲಸ ಸಿಗಬಹುದು ಎಂಬ ಲೆಕ್ಕ. 1993ರಲ್ಲಿ 32 ಹುಡುಗಿಯರ ಖರ್ಚು ಹೊತ್ತು ಆಕೆ ಆರಂಭಿಸಿದ ಕೆಲಸವೇ ಇಂದಿನ ಕ್ಯಾಮ್‌ಫೆಡ್ ಸಂಸ್ಥೆ. ಸಂಪ್ರದಾಯ ಬದಲಿಸುತ್ತೇವೆಂದು ಭಾಷಣದ ಶಿಬಿರ ನಡೆಸಿದ್ದರೆ ಆ ಹಣವೆಲ್ಲ ಗಾಳಿಗೆ ಹೋಗುತ್ತಿತ್ತು.

ಇನ್ನೊಂದು ಕಡೆ ಅಡ್ಡಿ ಬರೀ ದೂರ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲು ಶುರುಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಲೆಕ್ಕ ಹಾಕಿದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಏರಿಕೆಯ ಬಹುಪಾಲು ಬಂದದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಿಂದ. ಅದೇ ಸೈಕಲ್ಲನ್ನು ಶಾಲೆಯ ಎದುರು ಮನೆಯ ಹುಡುಗಿಗೆ ಕೊಟ್ಟರೆ ಅವಳಿಗೆ ಖುಷಿಯಾಗುತ್ತದೆ, ಅಷ್ಟೇ.

ನಿಮ್ಮ ತಮ್ಮನ ಕೊಠಡಿಯ ಮಾತನ್ನು ಇಲ್ಲಿಂದಲೇ ತೂಗಬಹುದು. ಶಾಲೆಯೇ ಇಲ್ಲದ ಕಡೆ ಶಾಲೆ ತೆರೆದರೆ ಫಲ ದೊಡ್ಡದು. ಇಂಡೊನೇಷ್ಯಾ 1970ರ ದಶಕದಲ್ಲಿ ಆರು ವರ್ಷದಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು, ಆ ಮಕ್ಕಳು ಹೆಚ್ಚು ವರ್ಷ ಓದಿದರು, ದೊಡ್ಡವರಾದ ಮೇಲೆ ಹೆಚ್ಚು ಸಂಬಳವನ್ನೂ ಗಳಿಸಿದರು. ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ 31 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಊರೊಳಗೇ ಶಾಲೆ ಶುರುವಾದಾಗ ಹುಡುಗಿಯರು ಎಷ್ಟು ಬಂದರೆಂದರೆ ದಾಖಲಾತಿಯಲ್ಲಿ ಹುಡುಗರಿಗೂ ಅವರಿಗೂ ಇದ್ದ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಗಮನಿಸಿ, ಅಲ್ಲಿ ಭವ್ಯ ಕಟ್ಟಡ ಎದ್ದಿರಲಿಲ್ಲ. ಇದ್ದ ಜಾಗದಲ್ಲೇ, ಮನೆಯಲ್ಲೋ ಮಸೀದಿಯಲ್ಲೋ, ಊರವರೇ ಆದ ಶಿಕ್ಷಕರಿಂದ ಪಾಠ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1985ರಲ್ಲಿ 22 ಒಂದು ಕೋಣೆಯ ಶಾಲೆಗಳಿಂದ ಆರಂಭಿಸಿ ಲಕ್ಷಾಂತರ ಮಕ್ಕಳಿಗೆ ಕಲಿಸಿದ್ದೂ ಇದೇ ರೀತಿ: ಬಾಡಿಗೆಯ ಸಾದಾ ಕೋಣೆ, ಅದೇ ಊರಿನ ಒಬ್ಬ ತರಬೇತಿ ಪಡೆದ ಹೆಂಗಸು, ಮೂವತ್ತರ ಆಸುಪಾಸಿನ ಮಕ್ಕಳು.

ಇರುವ ಶಾಲೆಗೆ ಮತ್ತೊಂದು ಕೊಠಡಿ ಸೇರಿಸುವುದು ಬೇರೆಯೇ ಮಾತು. ಕೊಠಡಿ ಕಟ್ಟಿಸುವ ಮೊದಲು ಅದರಲ್ಲಿ ನಿಂತು ಪಾಠ ಮಾಡುವವರಿಗೆ ಸಂಬಳ ಯಾರು ಕೊಡುತ್ತಾರೆ, ಐದು ವರ್ಷದ ಮೇಲೆ ಸೋರುವ ಚಾವಣಿ ಯಾರು ಸರಿಮಾಡಿಸುತ್ತಾರೆ ಎಂದು ಕೇಳಬೇಕು. ಉತ್ತರವಿಲ್ಲದೆ ಕಟ್ಟಿದ ಕೊಠಡಿಗಳು ಏನಾಗುತ್ತವೆ ಎಂದು ನೋಡಿದ್ದೇನೆ. ಹೊರಗೆ ದಾನಿಯ ಹೆಸರಿನ ಕಲ್ಲು ಫಳಫಳ, ಒಳಗೆ ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆಯ ಮೂಟೆ, ಸುಣ್ಣದ ಡಬ್ಬಿ. ಮಕ್ಕಳು ಮಾತ್ರ ಹಳೆಯ ಕೊಠಡಿಯಲ್ಲೇ, ಏಕೆಂದರೆ ಶಿಕ್ಷಕರು ಇರುವುದು ಒಬ್ಬರೇ. ‘ಕಣ್ಣಿಗೆ ಕಾಣುತ್ತೆ’ ಎಂಬ ಕಾರಣವೊಂದೇ ಇದ್ದರೆ ಕಟ್ಟಿಸಬೇಡಿ. ಹುಡುಗಿಯರಿಗೆ ಬಾಗಿಲಿರುವ ಶೌಚಾಲಯ ಇಲ್ಲದ ಕಡೆ ಅದನ್ನು ಕಟ್ಟಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ನೀರು ಎಲ್ಲಿಂದ ಬರುತ್ತದೆ, ಯಾರು ತೊಳೆಯುತ್ತಾರೆ ಎಂಬುದನ್ನೂ ಸೇರಿಸಿ ಯೋಚಿಸಿ.

ಮೂರನೆಯ ಬಗೆಯ ಅಡ್ಡಿ ದೂರದಿಂದ ಕಾಣುವುದೇ ಇಲ್ಲ, ಮತ್ತು ನನ್ನ ಅನುಭವದಲ್ಲಿ ಈಗ ಅತಿ ದೊಡ್ಡದು ಅದೇ. ಮಕ್ಕಳು ಶಾಲೆಗೆ ಬರುತ್ತಾರೆ, ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮುಂದಿನ ತರಗತಿಗೆ ಪಾಸೂ ಆಗುತ್ತಾರೆ, ಆದರೆ ಓದಲು ಬರುವುದಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತನೇ ವಯಸ್ಸಿಗೆ ಒಂದು ಸರಳ ಕಥೆಯನ್ನು ಓದಿ ಅರ್ಥಮಾಡಿಕೊಳ್ಳಲಾಗದ ಮಕ್ಕಳು ಶೇ 53 ಎಂದು ವಿಶ್ವಬ್ಯಾಂಕ್ 2019ರಲ್ಲಿ ಅಂದಾಜು ಮಾಡಿತು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ ಮೇಲೆ, 2022ರ ಅಂದಾಜಿನಲ್ಲಿ, ಅದು ಶೇ 70ರ ಹತ್ತಿರ ಹೋಯಿತು.

ಇದನ್ನು ಪತ್ತೆಮಾಡುವುದು ಹೇಗೆಂದು ಹೇಳುತ್ತೇನೆ, ನೀವೇ ಮುಂದೆ ಹಳ್ಳಿಗೆ ಹೋದರೆ ಬೇಕಾಗುತ್ತದೆ. ಅತಿಥಿಗಳು ಬಂದಾಗ ಶಿಕ್ಷಕರು ನಾಲ್ಕನೆಯ ತರಗತಿಯ ಒಬ್ಬಳನ್ನು ಎಬ್ಬಿಸಿ ಪಾಠ ಓದಿಸುತ್ತಾರೆ. ಅವಳು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿ ದನಿಯಲ್ಲಿ ಸರಾಗವಾಗಿ ಓದುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀವು ಬೆರಳನ್ನು ನೋಡಿ. ದನಿ ಮೂರನೇ ಸಾಲಿಗೆ ಹೋಗಿರುತ್ತದೆ, ಬೆರಳು ಇನ್ನೂ ಎರಡನೇ ಸಾಲಿನ ನಡುವೆ ಇರುತ್ತದೆ. ಪಾಠ ಬಾಯಿಪಾಠವಾಗಿದೆ. ಅದೇ ಪುಟದಲ್ಲಿ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನಮ್ಮ?’ ಎಂದರೆ ಸುಮ್ಮನಾಗುತ್ತಾಳೆ. ಭಾರತದಲ್ಲಿ ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಸಲಕರಣೆ ಇಷ್ಟೇ: ಒಂದೇ ಹಾಳೆಯಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದು ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಮಗು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳುವುದು. ಹೀಗೆ ನೋಡಿದಾಗ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೇ ತರಗತಿಯ ಕಥೆ ಓದಲಾರರು ಎಂಬುದು ವರ್ಷ ವರ್ಷವೂ ಕಾಣುತ್ತಿದೆ.

ಹೀಗಾಗಲು ಕಾರಣ ಮಕ್ಕಳ ದಡ್ಡತನವಲ್ಲ, ಶಿಕ್ಷಕರ ಸೋಮಾರಿತನ ಮಾತ್ರವೂ ಅಲ್ಲ. ಪಠ್ಯಕ್ರಮ ಓಡುತ್ತಿರುತ್ತದೆ, ವರ್ಷದೊಳಗೆ ಪುಸ್ತಕ ಮುಗಿಸಬೇಕು ಎಂದು ಮೇಲಿನವರು ಕೇಳುತ್ತಾರೆ, ಶಿಕ್ಷಕರು ಮುಂದಿನ ಬೆಂಚಿನ ನಾಲ್ಕೈದು ಮಕ್ಕಳನ್ನು ನೋಡಿಕೊಂಡು ಪಾಠ ಓಡಿಸುತ್ತಾರೆ. ಮೊದಲ ಎರಡು ವರ್ಷದಲ್ಲಿ ಅಕ್ಷರ ಹಿಡಿಯದ ಮಗುವಿಗೆ ಆಮೇಲೆ ಯಾರೂ ಅಕ್ಷರ ಕಲಿಸುವುದಿಲ್ಲ. ಎಷ್ಟೋ ಕಡೆ ಪಾಠದ ಭಾಷೆಯೇ ಮನೆಯ ಭಾಷೆಯಲ್ಲ. ಓದಿಲ್ಲದ ಅಪ್ಪ ಅಮ್ಮನಿಗೆ ಇದು ತಿಳಿಯುವುದು ತಡವಾಗಿ, ಮಗು ಶಾಲೆ ಬಿಟ್ಟ ಮೇಲೆ.

ಸಾಮಾನು ಕೊಡುವುದರಿಂದ ಈ ಗಂಟು ಬಿಡುವುದಿಲ್ಲ. ಕೀನ್ಯಾದ ಪಶ್ಚಿಮ ಭಾಗದಲ್ಲಿ 1996ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಪುಸ್ತಕದ ಕೊರತೆಯಿದ್ದ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟರು. ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಹಲವು ಮಕ್ಕಳಿಗೆ ಅದು ಮೂರನೆಯ ಭಾಷೆ. ಆ ಪ್ರಯೋಗ ಮಾಡಿದವರಲ್ಲಿ ಒಬ್ಬರಾದ ಮೈಕಲ್ ಕ್ರೆಮರ್‌ಗೆ, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಜೊತೆ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮ್ಮ ಮಗನಿಗೆ ಪೆರು ದೇಶದ ಕಥೆ ಹೇಳಿ. ಅಲ್ಲಿ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಹಳ್ಳಿ ಶಾಲೆಗಳ ಮಕ್ಕಳ ಕೈಗೆಲ್ಲ ಯಂತ್ರ ಬಂತು. 319 ಶಾಲೆಗಳಲ್ಲಿ 15 ತಿಂಗಳ ನಂತರ ನೋಡಿದರೆ ಗಣಿತ, ಭಾಷೆ ಎರಡರಲ್ಲೂ ವ್ಯತ್ಯಾಸವಿಲ್ಲ. ಮಗುವಿನ ಮಟ್ಟಕ್ಕೆ ತಕ್ಕಂತೆ ಲೆಕ್ಕ ಕೊಡುವ ಒಳ್ಳೆಯ ತಂತ್ರಾಂಶ, ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಒಬ್ಬ ಮನುಷ್ಯ, ಕೆಟ್ಟರೆ ರಿಪೇರಿ, ಇವೆಲ್ಲ ಇದ್ದಾಗ ಟ್ಯಾಬ್ಲೆಟ್ ಕೆಲಸ ಮಾಡುತ್ತದೆ. ಬರೀ ಟ್ಯಾಬ್ಲೆಟ್ ಕೊಟ್ಟರೆ ಅದು ಬೀರು ಸೇರುತ್ತದೆ. ಹೆಡ್‌ಮಾಸ್ಟರನ್ನೂ ದೂರುವಂತಿಲ್ಲ, ಒಂದು ಕಳೆದುಹೋದರೆ ದಾಸ್ತಾನು ಪುಸ್ತಕಕ್ಕೆ ಸಹಿ ಹಾಕಿದ ಅವರ ಕುತ್ತಿಗೆಗೇ ಬರುತ್ತದೆ. ದಾನ ಬಂದ ಕಥೆಪುಸ್ತಕಗಳು ಹೊಸ ವಾಸನೆಯೂ ಹೋಗದೆ ಬೀಗದೊಳಗೆ ಕೂತಿರುವುದೂ ಇದೇ ಭಯಕ್ಕೆ.

ಕೆಲಸ ಮಾಡುತ್ತದೆ ಎಂದು ಮತ್ತೆ ಮತ್ತೆ ಕಂಡಿರುವುದು ಮಕ್ಕಳನ್ನು ತರಗತಿಯ ಬದಲು ಅವರಿಗೆ ಎಷ್ಟು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡಿ ಕಲಿಸುವ ವಿಧಾನ. ಅಕ್ಷರ ಬಾರದ ಮೂರನೇ ತರಗತಿಯವನೂ ಐದನೇ ತರಗತಿಯವಳೂ ಒಂದೇ ಗುಂಪಿನಲ್ಲಿ ಕೂರುತ್ತಾರೆ, ದಿನಕ್ಕೆ ಒಂದೆರಡು ಗಂಟೆ ಓದು, ಲೆಕ್ಕ ಮಾತ್ರ. ಪ್ರಥಮ್ ಇದನ್ನು ಭಾರತದಲ್ಲಿ ಬೆಳೆಸಿತು, ಆಮೇಲೆ ಜಾಂಬಿಯಾ ಮುಂತಾದ ಆಫ್ರಿಕದ ದೇಶಗಳೂ ತೆಗೆದುಕೊಂಡವು. ಇದರಲ್ಲೂ ಎಡವಿದ್ದುಂಟು. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಸ್ವಯಂಸೇವಕರು ಊರೊಳಗೆ ಓದಿನ ತರಗತಿ ನಡೆಸಿದಾಗ ಬಂದ ಮಕ್ಕಳು ಚೆನ್ನಾಗಿ ಕಲಿತರು, ಆದರೆ ಬಂದವರೇ ಕಡಿಮೆ, ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬರೀ ತರಬೇತಿ ಕೊಟ್ಟು ಶಿಕ್ಷಕರಿಗೇ ಬಿಟ್ಟ ಕಡೆ ಅವರು ಮತ್ತೆ ಪಠ್ಯಪುಸ್ತಕಕ್ಕೇ ಮರಳಿದರು. ಹರಿಯಾಣದಲ್ಲಿ ಶಾಲೆಯ ವೇಳೆಯಲ್ಲೇ ಅದಕ್ಕೆಂದು ಒಂದು ಗಂಟೆ ಮೀಸಲಿಟ್ಟು, ಮೇಲ್ವಿಚಾರಕರು ಬಂದು ನೋಡುವ ಏರ್ಪಾಡು ಮಾಡಿದಾಗ ಕೈಗೂಡಿತು. ಅಂದರೆ ನಿಮ್ಮ ಹಣ ಹೋಗಬೇಕಾದದ್ದು ಮನುಷ್ಯರಿಗೆ: ಕಲಿಸುವ ಊರಿನ ಯುವತಿಗೆ, ಅವಳಿಗೆ ತರಬೇತಿ ಕೊಡುವವರಿಗೆ, ತಿಂಗಳಿಗೆ ಎರಡು ಸಲ ಬಂದು ನೋಡುವ ಮೇಲ್ವಿಚಾರಕಿಯ ಬಸ್ ಖರ್ಚಿಗೆ.

ಇದೇ ಜಾಗದಲ್ಲಿ ನಿಮ್ಮ ಗೆಳತಿಯ ಮಾತು ಅಡ್ಡ ಬರುತ್ತದೆ. ಆ ಬಸ್ ಖರ್ಚು, ತರಬೇತಿ, ಪರೀಕ್ಷೆ, ಲೆಕ್ಕಪತ್ರ ಇವೆಲ್ಲ ಎಷ್ಟೋ ಸಲ ‘ಆಡಳಿತ ವೆಚ್ಚ’ದ ಕಾಲಂಗೆ ಬೀಳಬಹುದು. ‘ನೂರಕ್ಕೆ ನೂರು ಮಕ್ಕಳಿಗೇ’ ಎನ್ನುವ ಸಂಸ್ಥೆಗೆ ಬೇರೊಬ್ಬ ದೊಡ್ಡ ದಾನಿ ಆ ಖರ್ಚು ಕೊಡುತ್ತಿರಬೇಕು, ಇಲ್ಲವೇ ಅದನ್ನು ಬೇರೆ ಹೆಸರಲ್ಲಿ ಬರೆದಿರಬೇಕು, ಇಲ್ಲವೇ ಆ ಕೆಲಸವನ್ನೇ ಮಾಡುತ್ತಿಲ್ಲ. ಅಮೆರಿಕದಲ್ಲಿ ದಾನ ಸಂಸ್ಥೆಗಳಿಗೆ ಅಂಕ ಕೊಡುವ ಮೂರು ದೊಡ್ಡ ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, 2013ರಲ್ಲಿ ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದವು. ಹಾಗೆಂದು ಗೆಳತಿಯ ಅನುಮಾನ ಪೂರ್ತಿ ಸುಳ್ಳಲ್ಲ. ಇಲ್ಲದ ಮಕ್ಕಳ ಹೆಸರು ಹಾಜರಿಯಲ್ಲಿ ತುಂಬುವುದು, ಒಂದೇ ಮಗುವನ್ನು ಇಬ್ಬರು ದಾನಿಗಳಿಗೆ ತೋರಿಸುವುದು, ಒಂದೇ ಕೊಠಡಿಗೆ ಬೋರ್ಡು ಬದಲಿಸಿ ಫೋಟೊ ತೆಗೆಯುವುದು, ಇವೆಲ್ಲ ನಡೆಯುತ್ತವೆ. ಇವನ್ನು ಹಿಡಿಯುವುದು ಮುನ್ಸೂಚನೆ ಇಲ್ಲದ ಭೇಟಿ ಮತ್ತು ಹೊರಗಿನವರು ಮಾಡಿದ ಆಡಿಟ್. ಆಡಳಿತ ವೆಚ್ಚದ ಶೇಕಡಾ ಎಷ್ಟೆಂದು ಕೇಳಿದರೆ ಇದೊಂದೂ ಸಿಕ್ಕಿಬೀಳುವುದಿಲ್ಲ.

ನಿಮಗೆ ಒಬ್ಬ ಹುಡುಗಿಯ ಮುಖ ಕಾಣುವಂಥ ನೆರವೇ ಬೇಕೆನ್ನಿಸಿದರೆ ಪ್ರೌಢಶಾಲೆಯ ವಿದ್ಯಾರ್ಥಿವೇತನ ನೋಡಿ. ಘಾನಾದಲ್ಲಿ 2008ರಲ್ಲಿ, ಪ್ರವೇಶ ಪರೀಕ್ಷೆ ಪಾಸಾಗಿಯೂ ದುಡ್ಡಿಲ್ಲದೆ ಹೊರಗುಳಿದವರಲ್ಲಿ ಲಾಟರಿ ಎತ್ತಿ 682 ಮಂದಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಟ್ಟರು. ಸಿಕ್ಕವರಲ್ಲಿ ಪ್ರೌಢಶಾಲೆ ಮುಗಿಸಿದವರು ಎಷ್ಟೋ ಹೆಚ್ಚು. ಹುಡುಗಿಯರಲ್ಲಿ ತಾಯ್ತನವೂ ತಡವಾಯಿತು. ಪ್ರಾಥಮಿಕ ಹಂತದಲ್ಲಿ ಶುಲ್ಕವೇ ಇಲ್ಲದ ದೇಶಗಳು ಈಗ ಬಹಳ, ಆದರೆ ಮೇಲಿನ ತರಗತಿಯಲ್ಲಿ ಶುಲ್ಕ, ಬಸ್ಸು, ಹಾಸ್ಟೆಲ್ ಎಲ್ಲ ಸೇರಿ ಹೊರೆ ಏರುತ್ತದೆ. ಇದರ ದೊಡ್ಡ ಅಪಾಯ ನಡುವೆ ಕೈಬಿಡುವುದು. ಎರಡು ವರ್ಷ ಓದಿಸಿ ನಿಲ್ಲಿಸಿದರೆ ಸಾಲ ಮಾಡಿ ಮುಂದುವರಿಸುವ ಗತಿ ಆ ಮನೆಗೆ ಬರುತ್ತದೆ. ಹಾಗಾಗಿ ಎಷ್ಟು ಮಂದಿಯನ್ನು ಕೊನೆಯವರೆಗೂ ಓದಿಸಬಲ್ಲಿರೋ ಅಷ್ಟೇ ಮಂದಿಯನ್ನು ಒಪ್ಪಿಕೊಳ್ಳಿ.

ಸಣ್ಣ ಹಣದ ಕೆಲಸಗಳೂ ಇವೆ. ಚೀನಾದ ಶಾಂಕ್ಸಿ ಮತ್ತು ಗಾನ್ಸು ಪ್ರಾಂತ್ಯಗಳ ಹಳ್ಳಿಗಾಡಿನಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಕನ್ನಡಕ ಕೊಟ್ಟಾಗ ಗಣಿತದ ಅಂಕ ಏರಿತು. ಹಲಗೆಯೇ ಕಾಣದ ಮಗುವನ್ನು ದಡ್ಡ ಎನ್ನುತ್ತಿದ್ದರು. ಸಮವಸ್ತ್ರ ಕೊಟ್ಟರೆ ಗೈರುಹಾಜರಿ ತಗ್ಗುತ್ತದೆ ಎಂದು ಕೀನ್ಯಾದಲ್ಲಿ ಕಂಡಿತು, ಆದರೆ ಅದೇ ಮಕ್ಕಳನ್ನು ವರ್ಷಗಳ ನಂತರ ನೋಡಿದಾಗ ಫಲ ಉಳಿದಿರಲಿಲ್ಲ. ಕೊಡಬೇಡಿ ಎನ್ನುವುದಿಲ್ಲ, ಅದೊಂದರಿಂದಲೇ ಓದು ಬರುತ್ತದೆ ಎಂದು ನಂಬಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ‘ಬಡ ಹಳ್ಳಿಯ ಅನಾಥ ಮಕ್ಕಳನ್ನು ಕರೆತಂದು ನಮ್ಮ ಆಶ್ರಮದಲ್ಲಿ ಓದಿಸುತ್ತೇವೆ’ ಎನ್ನುವವರಿಗೆ ಕೊಡುವ ಮುನ್ನ ಆ ಮಕ್ಕಳ ಅಪ್ಪ ಅಮ್ಮ ಇದ್ದಾರೆಯೇ ಎಂದು ವಿಚಾರಿಸಿ. ಕಾಂಬೋಡಿಯಾ, ನೇಪಾಳಗಳಲ್ಲಿ ಇಂಥ ‘ಅನಾಥಾಲಯ’ಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದರು. ಓದಿನ ಆಸೆ ತೋರಿಸಿ ಮಕ್ಕಳನ್ನು ಕರೆದೊಯ್ಯುವುದು, ಅವರನ್ನು ತೋರಿಸಿ ದಾನ ಎತ್ತುವುದು ಒಂದು ವ್ಯವಹಾರವೇ ಆಗಿತ್ತು. ಮನೆಯಲ್ಲಿಟ್ಟುಕೊಂಡೇ ಓದಿಸಲು ಆ ಹೆತ್ತವರಿಗೆ ನೆರವಾಗುವ ಖರ್ಚು ಬಹಳ ಕಡಿಮೆ.

ನಿಮ್ಮ ಜಾಗದಲ್ಲಿದ್ದರೆ ನಾನು ಏನು ಮಾಡುತ್ತಿದ್ದೆ? ಮುಖ್ಯ ಪಾಲನ್ನು ಓದು ಮತ್ತು ಲೆಕ್ಕ ಕಲಿಸುವ ಕೆಲಸವನ್ನು ಕೆಲವು ವರ್ಷದಿಂದ ಒಂದೇ ಪ್ರದೇಶದಲ್ಲಿ ಮಾಡುತ್ತಿರುವ, ಬಹಳ ದೊಡ್ಡದಲ್ಲದ ಸಂಸ್ಥೆಗೆ ಕೊಡುತ್ತಿದ್ದೆ. ಉಳಿದದ್ದರಲ್ಲಿ ಒಬ್ಬಿಬ್ಬರು ಹುಡುಗಿಯರ ಪ್ರೌಢಶಾಲೆಯ ಪೂರ್ತಿ ಖರ್ಚನ್ನು ಮೊದಲೇ ಬೇರೆ ತೆಗೆದಿಡುತ್ತಿದ್ದೆ. ಎಲ್ಲವನ್ನೂ ಒಂದೇ ಸಲ ಕೊಡಬೇಡಿ. ಸಣ್ಣ ಸಂಸ್ಥೆಗೆ ದಿಢೀರನೆ ದೊಡ್ಡ ಮೊತ್ತ ಬಂದರೆ ಜೀಪು ಕೊಳ್ಳುತ್ತಾರೆ, ಕಚೇರಿ ದೊಡ್ಡದು ಮಾಡುತ್ತಾರೆ, ಮರುವರ್ಷ ಕಲಿಸುವವರಿಗೆ ಸಂಬಳ ಇರುವುದಿಲ್ಲ. ನಾಲ್ಕೈದು ವರ್ಷಕ್ಕೆ ಹಂಚಿ, ವರ್ಷಕ್ಕೊಂದು ಕಂತು ಎಂದು ಮೊದಲೇ ಬರೆದುಕೊಡಿ. ಮುಂದಿನ ವರ್ಷವೂ ಹಣ ಬರುತ್ತದೆ ಎಂಬ ಧೈರ್ಯ ಇದ್ದರೆ ಒಳ್ಳೆಯ ಶಿಕ್ಷಕಿ ಬಿಟ್ಟುಹೋಗುವುದಿಲ್ಲ.

ಮೊದಲ ಕಂತಿಗೆ ಮುನ್ನ ಮೂರೇ ಕಾಗದ ಕೇಳಿ: ಹೊರಗಿನ ಲೆಕ್ಕಪರಿಶೋಧಕರ ವರದಿ, ಮಕ್ಕಳ ಸುರಕ್ಷತೆಗೆ ಅವರು ಬರೆದಿಟ್ಟುಕೊಂಡ ನಿಯಮ, ಮತ್ತು ಕೆಲಸ ಶುರುವಾಗುವ ದಿನ ಎಷ್ಟು ಮಕ್ಕಳು ಅಕ್ಷರದಲ್ಲಿ, ಎಷ್ಟು ಮಕ್ಕಳು ಪದದಲ್ಲಿ, ಎಷ್ಟು ಮಕ್ಕಳು ಕಥೆಯಲ್ಲಿ ನಿಂತಿದ್ದಾರೆ ಎಂಬ ಪಟ್ಟಿ. ಫೋಟೊ ಬೇಡವೆಂದು ಹೇಳಿಬಿಡಿ, ಆ ಕೆಲಸಕ್ಕೆ ಹೋಗುವ ಒಂದು ದಿನ ಕಾರ್ಯಕರ್ತೆಗೆ ಉಳಿಯಲಿ. ಎರಡನೇ ಕಂತಿಗೆ ಅದೇ ಪಟ್ಟಿಯನ್ನು ಮತ್ತೆ ಕೇಳಿ. ಎಲ್ಲ ಮಕ್ಕಳೂ ಕಥೆ ಓದುತ್ತಿದ್ದಾರೆ ಎಂದು ಬಂದರೆ ಅನುಮಾನಿಸಿ. ಇಷ್ಟು ಮಂದಿ ಮುಂದೆ ಹೋದರು, ಇಷ್ಟು ಮಂದಿ ಇನ್ನೂ ಅಕ್ಷರದಲ್ಲೇ ಇದ್ದಾರೆ, ಅವರಿಗೆ ಹೀಗೆ ಮಾಡುತ್ತಿದ್ದೇವೆ ಎಂದು ಬಂದರೆ ಕಂತು ಕಳಿಸಿ. ಪಟ್ಟಿ ಕಳಿಸಲು ತಡಮಾಡಿದರೆ ನೀವೂ ತಡಮಾಡಿ.